ಕಂಪನಿ ಬಂದ್ ಮಾಡಿದ ಪಾರ್ಟು, ಹಡಗಿನ ಆಟೋಪೈಲಟ್, ಮತ್ತೆ ನಾವು ರಿಪೇರಿಯವ್ರು

(ಕಾರವಾರದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಹುಡುಗರು ಮತ್ತೆ ಬೋಟ್ ಎಲೆಕ್ಟ್ರಿಷಿಯನ್‌ಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಹಡಗು ಒಂದ್ಸಲ ನೀರಿಗಿಳಿದ್ರೆ ಇಪ್ಪತ್ತೈದು ಮೂವತ್ತು ವರ್ಷ ಓಡ್ತದೆ, ಬ್ರಿಡ್ಜಲ್ಲಿ, ಅಂದ್ರೆ ಹಡಗು ನಡೆಸೋ ಕೋಣೆಯಲ್ಲಿ, ಕೂರಿಸಿದ ಆಟೋಪೈಲಟ್ಟೂ (ಚುಕ್ಕಾಣಿ ತಾನೇ ತಿರುಗಿಸಿ ಹಡಗನ್ನ ದಾರಿಯಲ್ಲಿ ಇಡೋ ಯಂತ್ರ) ಅಷ್ಟೇ ದಿನ ಓಡ್ಲಿ ಅಂತ ಓನರ್‌ಗೆ ಆಸೆ, ಆದ್ರೆ ಅದರೊಳಗಿನ ಐಸಿ, ಅಂದ್ರೆ ಚಿಪ್ಪು, ಮಾಡೋ ಕಂಪನಿಗೆ ಅಂಥ ಹಠ ಏನಿಲ್ಲ. ಮಾರಾಟ ಕಡಿಮೆ ಆಯ್ತು ಅಂದ್ರೆ ಲೈನ್ ಬಂದ್. ಬಂದ್ ಮಾಡೋ ಮುಂಚೆ ಒಂದು ನೋಟಿಸ್ ಕಳಿಸ್ತಾರೆ, ಕೊನೇ ಆರ್ಡರ್ ಇಷ್ಟರೊಳಗೆ ಕೊಡಿ ಅಂತ, ಸಾಮಾನ್ಯವಾಗಿ ಆರ್ಡರ್‌ಗೆ ಆರು ತಿಂಗಳು, ಡೆಲಿವರಿಗೆ ಒಂದು ವರ್ಷ. ಆ ನೋಟಿಸ್ ಹೋಗೋದು ಆಟೋಪೈಲಟ್ ಮಾಡಿದ ಕಂಪನಿಗೆ, ಇಲ್ಲಿನ ಬೈತಖೋಲದ ಧಕ್ಕೆಯಲ್ಲಿ ಟೂಲ್ ಬ್ಯಾಗ್ ಹಿಡ್ಕೊಂಡು ನಿಂತವ್ರಿಗೆ ಯಾರೂ ಕಳಿಸೋದಿಲ್ಲ. ನಮಗೆ ಗೊತ್ತಾಗೋದು ಪಾರ್ಟು ಸತ್ತ ದಿನವೇ.

ಝಡ್80 ಅಂತ ನಿಮ್ಮ ಸಿಲಬಸ್ಸಲ್ಲಿ ಹೆಸರಾದ್ರೂ ಕೇಳಿರ್ತೀರಿ. 1976ರಲ್ಲಿ ಬಂದ ಪ್ರೊಸೆಸರ್ ಅದು. 2024ರ ಏಪ್ರಿಲ್‌ನಲ್ಲಿ ಝೈಲಾಗ್ ಕಂಪನಿ ಹೇಳ್ತು, ಬಿಡಿ ಝಡ್80 ಚಿಪ್ಪಿಗೆ ಕೊನೇ ಆರ್ಡರ್ ಜೂನ್ 14ರೊಳಗೆ ಕೊಡಿ ಅಂತ. 48 ವರ್ಷ ಒಂದು ಚಿಪ್ಪು ಸಿಕ್ಕಿದ್ದೇ ದೊಡ್ಡದು, ಬೇರೆಯವು ಅಷ್ಟು ದಿನ ಎಲ್ಲಿ ಬದುಕ್ತವೆ. ಇಂಟೆಲ್ ತನ್ನ 8051 ಸಾಲನ್ನ 2007ರಲ್ಲೇ ಮುಗಿಸಿಬಿಡ್ತು, ಅದೇ ಥರದ್ದನ್ನ ಬೇರೆ ಕಂಪನಿಗಳು ಮಾಡ್ತಾ ಇದ್ದಾವೆ ಅಂತ ನಾವು ಉಳ್ಕೊಂಡ್ವಿ.

ಇಲ್ಲಿ ಮೀನುಗಾರಿಕೆ ಬೋಟಿನ ಕೆಲ್ಸ ಮಾಡೋವ್ರೂ ಇದ್ದೀರಿ, ನಿಮ್ಮಲ್ಲಿ ಹೆಚ್ಚಾಗಿ ಜಿಪಿಎಸ್, ಫಿಶ್ ಫೈಂಡರ್, ವಿಎಚ್‌ಎಫ್ ಇಷ್ಟೇ, ಚುಕ್ಕಾಣಿ ತಾಂಡೇಲನ (ಬೋಟು ನಡೆಸೋವ್ನ) ಕೈಯಲ್ಲೇ. ನಾನು ಹೇಳ್ತಿರೋದು ಇಲ್ಲಿಗೆ ಬಿಟುಮೆನ್ ತರೋ ಟ್ಯಾಂಕರು, ಗೋವಾ, ಮಂಗಳೂರಿಗೆ ಬರೋ ಸರಕು ಹಡಗು, ಅಂಥವುಗಳ ವಿಷ್ಯ. 10,000 ಗ್ರಾಸ್ ಟನ್ ಮತ್ತು ಅದಕ್ಕಿಂತ ದೊಡ್ಡ ಹಡಗಿಗೆ ಸೋಲಾಸ್ ಅನ್ನೋ ಅಂತರರಾಷ್ಟ್ರೀಯ ಹಡಗು ಸುರಕ್ಷತೆ ನಿಯಮದಲ್ಲೇ ಹೆಡಿಂಗ್ ಕಂಟ್ರೋಲೋ (ಮೂತಿಯ ದಿಕ್ಕು ಹಿಡಿಯೋದು) ಟ್ರ್ಯಾಕ್ ಕಂಟ್ರೋಲೋ (ಹಾಕಿದ ದಾರಿಯಲ್ಲೇ ನಡೆಸೋದು) ಇರ್ಬೇಕು, ಚಿಕ್ಕದ್ರಲ್ಲೂ ಬಹಳ ಜನ ಹಾಕಿಸಿರ್ತಾರೆ.

ಅದು ಹೇಗೆ ಓಡ್ತದೆ ಅಂತ ಬೇಗ ಹೇಳಿ ಮುಗಿಸ್ತೇನೆ. ಜೈರೋ ಕಂಪಾಸ್ ಹಡಗಿನ ಮೂತಿ ಯಾವ ಕಡೆ ಅಂತ ಹೇಳ್ತದೆ, ನಾವು ಸೆಟ್ ಮಾಡಿದ ಕೋರ್ಸಿಗೂ ಅದಕ್ಕೂ ಇರೋ ವ್ಯತ್ಯಾಸ ನೋಡಿ ಕಂಟ್ರೋಲ್ ಬೋರ್ಡು ಇಷ್ಟು ಡಿಗ್ರಿ ಚುಕ್ಕಾಣಿ ಅಂತ ಆರ್ಡರ್ ಕೊಡ್ತದೆ, ಆ ಆರ್ಡರ್ ಹಿಂದಿನ ಸ್ಟಿಯರಿಂಗ್ ಗೇರ್ ರೂಮಿಗೆ ಹೋಗಿ ರಿಲೇ (ಕರೆಂಟಿಂದ ಆನ್ ಆಫ್ ಆಗೋ ಸ್ವಿಚ್ಚು) ಅಥವಾ ಆಂಪ್ಲಿಫೈಯರ್ ಮೂಲಕ ಸಾಲಿನಾಯ್ಡ್ ವಾಲ್ವ್ (ಕಾಯಿಲಿಗೆ ಕರೆಂಟ್ ಕೊಟ್ರೆ ತೆರೆಯೋ ಎಣ್ಣೆ ವಾಲ್ವ್) ಎಳೀತದೆ, ಹೈಡ್ರಾಲಿಕ್ ಎಣ್ಣೆ ಚುಕ್ಕಾಣಿ ತಳ್ಳೋ ದಂಡ, ಅಂದ್ರೆ ರ‍್ಯಾಮ್ ತಳ್ತದೆ, ಚುಕ್ಕಾಣಿ ತಿರುಗ್ತದೆ, ಎಷ್ಟು ತಿರುಗ್ತು ಅಂತ ಫೀಡ್‌ಬ್ಯಾಕ್ ಯೂನಿಟ್ ವಾಪಸ್ ಹೇಳ್ತದೆ. ಇದರ ಲೆಕ್ಕ 1922ರಷ್ಟು ಹಳೇದು. ನಿಕೊಲಸ್ ಮಿನೋರ್ಸ್ಕಿ ಅನ್ನೋವ್ರು ಚುಕ್ಕಾಣಿ ಹಿಡಿಯೋ ನಾವಿಕರು ಏನ್ ಮಾಡ್ತಾರೆ ಅಂತ ನೋಡಿ ನೋಡಿ ಲೆಕ್ಕ ಬರೆದ್ರು, ಅಮೆರಿಕದ ನ್ಯೂ ಮೆಕ್ಸಿಕೋ ಅನ್ನೋ ಯುದ್ಧನೌಕೆ ಮೇಲೆ ಪರೀಕ್ಷೆಯೂ ಆಯ್ತು, ನೀವು ಓದೋ ಪಿಐಡಿ (ತಪ್ಪು ಈಗ ಎಷ್ಟು, ಇಷ್ಟು ಹೊತ್ತು ಎಷ್ಟು, ಎಷ್ಟು ಬೇಗ ಬದಲಾಗ್ತಿದೆ ಅಂತ ಮೂರೂ ನೋಡಿ ತಿದ್ದೋ ಲೆಕ್ಕ) ಅಂದ್ರೆ ಅದೇ. ಬೋಟಿನವ್ರು ನೆನಪು ಮಾಡ್ಕೊಳ್ಳಿ, ಬೋಟು ಇನ್ನೂ ತಿರುಗ್ತಾ ಇರುವಾಗ್ಲೇ ತಾಂಡೇಲ ಚುಕ್ಕಾಣಿ ವಾಪಸ್ ಎಳೀತಾನಲ್ಲ, ಆಟೋಪೈಲಟ್ ಪ್ಯಾನೆಲ್ ಮೇಲೆ ಕೌಂಟರ್ ರಡ್ಡರ್ ಅಂತ ಇರೋ ನಾಬು ಮಾಡೋದು ಅದನ್ನೇ.

ಈಗ ವಿಷ್ಯಕ್ಕೆ ಬರೋಣ. ಒಂದು ಬೋರ್ಡು ಕೆಟ್ಟಿದೆ, ಅದ್ರಲ್ಲಿರೋ ಪಾರ್ಟು ಎಲ್ಲೂ ಸಿಗ್ತಾ ಇಲ್ಲ. ಎಲ್ರೂ ಮೊದ್ಲು ಮಾಡೋದು ಪಾರ್ಟ್ ನಂಬರ್ ಫೋಟೋ ಹೊಡೆದು ಎಲ್ಲ ಗ್ರೂಪಿಗೂ ಕಳ್ಸೋದು. ಮಾಡಿ, ಬೇಡ ಅನ್ನಲ್ಲ. ಆದ್ರೆ ಅದಕ್ಕೂ ಮುಂಚೆ ಕೇಳ್ಕೊಳ್ಳೋದು ಎರಡಿದೆ: ಸತ್ತಿದ್ದು ನಿಜವಾಗ್ಲೂ ಇದೇ ಪಾರ್ಟಾ? ಮತ್ತೆ, ನಾನು ಇದರ ಜಾಗಕ್ಕೆ ಹಾಕೋದು ನಾಳೆ ಕೆಟ್ರೆ ಚುಕ್ಕಾಣಿ ಎಲ್ಲಿಗೆ ಹೋಗಿ ನಿಲ್ತದೆ? ಟಿವಿ ರಿಪೇರಿಗೂ ಇದಕ್ಕೂ ಇರೋ ವ್ಯತ್ಯಾಸ ಎಲ್ಲಾ ಆ ಎರಡನೇ ಪ್ರಶ್ನೆಯಲ್ಲೇ ಇದೆ.

ಮೊದಲ ಪ್ರಶ್ನೆ ನೋಡಿ. ಸಿಗದೇ ಇರೋ ದುಬಾರಿ ಐಸಿ ಮೇಲೇ ಎಲ್ರಿಗೂ ಅನುಮಾನ, ಆದ್ರೆ ಸಾಯೋದು ಹೆಚ್ಚಾಗಿ ಅದರ ಪಕ್ಕದ ಸಾದಾ ಸಾಮಾನು. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮೊದಲನೇದು. ಅದ್ರ ಮೈಮೇಲೆ 105 ಡಿಗ್ರಿ ಅಂತ ಇರ್ತದೆ, ಡೇಟಾಶೀಟಲ್ಲಿ 2000 ಗಂಟೆ ಅಂತ ಇರ್ತದೆ, ಹತ್ತು ಡಿಗ್ರಿ ಕಡಿಮೆ ಆದಾಗೆಲ್ಲ ಆಯಸ್ಸು ಡಬಲ್ ಅಂತ ಒಂದು ಅಂದಾಜು ಲೆಕ್ಕ. ಪವರ್ ಸಪ್ಲೈ ಒಳಗೆ 65 ಡಿಗ್ರಿ ಇದ್ರೆ 2000 ಗಂಟೆ 32,000 ಗಂಟೆ ಆಗ್ತದೆ, ಅಂದ್ರೆ ಹಗಲೂ ರಾತ್ರಿ ಓಡೋ ಹಡಗಲ್ಲಿ ಮೂರೂವರೆ ವರ್ಷದ ಚಿಲ್ಲರೆ. ಇಪ್ಪತ್ತು ವರ್ಷದ ಹಳೇ ಬೋರ್ಡಲ್ಲಿ ಒರಿಜಿನಲ್ ಕೆಪಾಸಿಟರ್ ಇದ್ರೆ ಅದು ಇನ್ನೂ ಕೆಲ್ಸ ಮಾಡ್ತಿದೆ ಅನ್ನೋದೇ ಆಶ್ಚರ್ಯ. ಸಪ್ಲೈಲಿ ರಿಪಲ್ (ವೋಲ್ಟೇಜಿನ ಏರಿಳಿತ) ಜಾಸ್ತಿ ಆಗಿ ಪ್ರೊಸೆಸರ್ ಆಗಾಗ ರೀಸೆಟ್ ಆಗ್ತಾ ಇರ್ತದೆ, ನಾವು ಪ್ರೊಸೆಸರ್ ಹೋಯ್ತು ಅಂತ ಜಗತ್ತೆಲ್ಲಾ ಹುಡುಕ್ತಾ ಇರ್ತೇವೆ. ಆಸಿಲೋಸ್ಕೋಪ್ ಇಲ್ದೇ ಇದ್ರೆ ಒಂದು ಇಎಸ್‌ಆರ್ ಮೀಟರ್ (ಕೆಪಾಸಿಟರ್ ಒಳಗಿನ ರೆಸಿಸ್ಟೆನ್ಸ್ ಅಳೆಯೋದು) ಆದ್ರೂ ಇಟ್ಕೊಳ್ಳಿ. ಆಮೇಲೆ ಕನೆಕ್ಟರು, ಸಾಕೆಟ್ಟು. ನಮ್ಮ ಕಡಲ ಗಾಳಿಯಲ್ಲಿ ತವರ ಹಚ್ಚಿದ ಐಸಿ ಸಾಕೆಟ್ ಕಪ್ಪಾಗೋದು ನಿಮಗೇ ಗೊತ್ತಲ್ಲ, ಐಸಿ ಕಿತ್ತು ಮತ್ತೆ ಒತ್ತಿದ್ರೆ ಸರಿಹೋಗ್ತದೆ, ಆದ್ರೆ ಹಾಗೇ ಬಿಟ್ರೆ ಮುಂದಿನ ಮಳೆಗಾಲದಲ್ಲಿ ಮತ್ತೆ ಅದೇ ಕಥೆ. ಆಪ್ಟೋಕಪ್ಲರ್, ಅಂದ್ರೆ ಸಿಗ್ನಲನ್ನ ಬೆಳಕಿನ ಮೂಲಕ ದಾಟಿಸೋ ಪಾರ್ಟು, ಇನ್ನೊಂದು, ಒಳಗಿನ ಎಲ್‌ಇಡಿ ಮಂಕಾಗ್ತಾ ಹೋಗ್ತದೆ, ಒಂದು ಲೆವೆಲ್ ಕೆಳಗೆ ಹೋದ್ಮೇಲೆ ಒಮ್ಮೆ ಸಿಗ್ನಲ್ ಉಂಟು ಒಮ್ಮೆ ಇಲ್ಲ. 4ಎನ್35 ಥರದ್ದು ಇವತ್ತಿಗೂ ಅಂಗಡಿಯಲ್ಲೇ ಸಿಗ್ತದೆ, ಅದಕ್ಕೆ ವಿದೇಶಕ್ಕೆ ಮೇಲ್ ಮಾಡ್ಬೇಕಾಗಿಲ್ಲ.

ಫೀಡ್‌ಬ್ಯಾಕ್ ಪೊಟೆನ್ಶಿಯೋಮೀಟರ್ (ತಿರುಗಿಸಿದ ಹಾಗೆ ರೆಸಿಸ್ಟೆನ್ಸ್ ಬದಲಾಗೋ ಪಾರ್ಟು, ಬಾಯಲ್ಲಿ ಪಾಟ್) ಬಗ್ಗೆ ಸ್ವಲ್ಪ ನಿಧಾನಕ್ಕೆ ಹೇಳ್ತೇನೆ, ಯಾಕಂದ್ರೆ ಇದ್ರಲ್ಲೇ ಬಹಳ ಜನ ಎಡವೋದು. ಸ್ಟಿಯರಿಂಗ್ ಗೇರ್ ರೂಮಲ್ಲಿ ಚುಕ್ಕಾಣಿ ಕಂಬಕ್ಕೆ ಒಂದು ಲಿಂಕ್ ಕಟ್ಟಿ ಅದರ ತುದೀಲಿ ಈ ಪಾಟ್ ಇರ್ತದೆ. ಸಮುದ್ರದಲ್ಲಿ ಚುಕ್ಕಾಣಿ ಬಹುಪಾಲು ನಡುವಿನ ಮೂರ್ನಾಲ್ಕು ಡಿಗ್ರಿಯಲ್ಲೇ ಅಲ್ಲಾಡ್ತಾ ಇರ್ತದೆ, ಹಾಗಾಗಿ ಪಾಟ್ ಒಳಗಿನ ರೆಸಿಸ್ಟೆನ್ಸ್ ಟ್ರ್ಯಾಕ್ ಸವೆಯೋದೂ ನಡುವಲ್ಲೇ. ಅದ್ರ ಮೇಲೆ ಜಾರೋ ವೈಪರ್ ಸವೆದ ಜಾಗಕ್ಕೆ ಬಂದಾಗ ವೋಲ್ಟೇಜ್ ಹಾರ್ತದೆ, ಆಂಪ್ಲಿಫೈಯರ್‌ಗೆ ಚುಕ್ಕಾಣಿ ಹಾರಿದ ಹಾಗೆ ಕಾಣ್ತದೆ, ವಾಲ್ವ್ ಟಕ್ ಟಕ್ ಅಂತ ಹೊಡ್ಕೊಳ್ತದೆ. ಡಿಜಿಟಲ್ ಮೀಟರಲ್ಲಿ ಇದು ಸಿಗೋದಿಲ್ಲ ಮಾರಾಯ್ರೆ, ಹಳೇ ಮುಳ್ಳಿನ ಮಲ್ಟಿಮೀಟರ್ ಹಚ್ಚಿ ನಿಧಾನಕ್ಕೆ ತಿರುಗಿಸಿ, ಮುಳ್ಳು ಎಲ್ಲಿ ನಡುಗ್ತದೆ ಅಂತ ಕಣ್ಣಿಗೇ ಕಾಣ್ತದೆ.

ಈಗ ಆ ಪಾಟ್ ಮಾಡೋದನ್ನ ಕಂಪನಿ ಬಂದ್ ಮಾಡಿದೆ. ಮೈಮೇಲೆ 5 ಕಿಲೋ ಓಮ್ ಅಂತ ಇದೆ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿಂದ 5 ಕಿಲೋ ಓಮಿಂದು ತರಿಸಿದ್ರಿ. ಸಾಕಾ? ಸಾಲೋದಿಲ್ಲ. ಶಾಫ್ಟು 6 ಮಿಲಿಮೀಟರಾ, ಕಾಲು ಇಂಚಾ, ಅಂದ್ರೆ 6.35ಆ? ಆ ಅಷ್ಟು ಸಂದಿಯಲ್ಲೇ ಲಿಂಕ್ ಜಾರ್ತದೆ. ಪೂರ್ತಿ ರೆಸಿಸ್ಟೆನ್ಸ್ ಎಷ್ಟು ಡಿಗ್ರಿ ತಿರುಗಿಸೋದ್ರೊಳಗೆ ಬರ್ತದೆ? ರೇಡಿಯೋ ವಾಲ್ಯೂಮ್ ಪಾಟ್ ಸುಮಾರು 270 ಡಿಗ್ರಿ ತಿರುಗ್ತದೆ, ಚುಕ್ಕಾಣಿ ಆ ಕಡೆ 35 ಈ ಕಡೆ 35 ಅಷ್ಟೇ. ಸೆಂಟರ್ ಟ್ಯಾಪ್ ಇದೆಯಾ? ಕೆಲವು ಯೂನಿಟಲ್ಲಿ ನಾಲ್ಕನೇ ವೈರ್ ಇರ್ತದೆ, ಟ್ರ್ಯಾಕಿನ ಸರೀ ನಡುವಿಂದ ಬರೋದು, ಸೊನ್ನೆ ಎಲ್ಲಿ ಅಂತ ಹೇಳೋಕೆ. ಮೂರು ಕಾಲಿನ ಪಾಟ್ ಹಾಕಿ ನಾಲ್ಕನೇ ವೈರ್ ಗಾಳಿಗೆ ಬಿಟ್ರೆ ಸೊನ್ನೆ ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ. ಇದೆಲ್ಲಾ ಸರಿ ಆದ್ಮೇಲೆ ನಾನು ಹೇಳಿದ ಎರಡನೇ ಪ್ರಶ್ನೆ: ವೈಪರ್ ವೈರ್ ಕಡಿದು ಹೋದ್ರೆ ಏನಾಗ್ತದೆ? ಒಳ್ಳೆ ಡಿಸೈನಲ್ಲಿ ಬೋರ್ಡು ಅದನ್ನ ಹಿಡಿದು ಅಲಾರಂ ಕೊಟ್ಟು ವಾಲ್ವ್ ಬಿಡ್ತದೆ. ಸರ್ಕ್ಯೂಟಲ್ಲಿ ಆ ಕಾವಲು ಇಲ್ದೇ ಇದ್ರೆ, ಚುಕ್ಕಾಣಿ ಒಂದೇ ಕಡೆ ಲಿಮಿಟ್ ಸ್ವಿಚ್ ತಾಗೋವರೆಗೆ ಹೋಗ್ತದೆ. ಈಗಿನ ಹಾಲ್ ಎಫೆಕ್ಟ್ ಸೆನ್ಸರ್ (ಆಯಸ್ಕಾಂತ ನೋಡಿ ಎಷ್ಟು ತಿರುಗ್ತು ಅಂತ ಹೇಳೋದು) ಸವೆಯೋದಿಲ್ಲ, ನನಗೂ ಇಷ್ಟ, ಆದ್ರೆ ಅದ್ರ ಔಟ್‌ಪುಟ್ ಸಾಮಾನ್ಯವಾಗಿ 0.5ರಿಂದ 4.5 ವೋಲ್ಟು, ಹಳೇ ಬೋರ್ಡು ಕೇಳೋದು ಪ್ಲಸ್ ಮೈನಸ್ 10 ವೋಲ್ಟಿನ ಸಿಗ್ನಲ್, ನಡುವೆ ನೀವೊಂದು ಸರ್ಕ್ಯೂಟ್ ಕಟ್ಬೇಕು, ಆಗ ಕೆಡೋಕೆ ಇನ್ನೂ ಒಂದು ಜಾಗ ಹೊಸದಾಗಿ ಹುಟ್ಟಿತು ಅಂತಾಯ್ತು.

ರಿಲೇದೂ ಇದೇ ಜಾತಿ. 24 ವೋಲ್ಟ್ ಡಿಸಿ ಕಾಯಿಲ್, ಎರಡು ಚೇಂಜ್‌ಓವರ್ ಕಾಂಟ್ಯಾಕ್ಟ್, ಕಾಲಿನ ಅಳತೆ ಒಂದೇ, ಸಿಕ್ತು ಅಂತ ಹಾಕ್ತೇವೆ. ಆದ್ರೆ ಹಳೇದ್ರ ಕಾಂಟ್ಯಾಕ್ಟ್ ಸಿಲ್ವರ್ ಕ್ಯಾಡ್ಮಿಯಂ ಆಕ್ಸೈಡ್, ಕ್ಯಾಡ್ಮಿಯಂಗೆ ಈಗ ನಿರ್ಬಂಧ, ಹೊಸದು ಹೆಚ್ಚಾಗಿ ಸಿಲ್ವರ್ ಟಿನ್ ಆಕ್ಸೈಡ್, ಅದೂ ಒಳ್ಳೇದೇ, ಆದ್ರೆ ಡಿಸಿ ಸಾಲಿನಾಯ್ಡಿಗೆ ಎಷ್ಟು ಆಂಪಿಯರ್ ಅಂತ ಡೇಟಾಶೀಟಲ್ಲಿ ಬೇರೆಯಾಗಿ ನೋಡ್ಬೇಕು, ಮೇಲೆ ದೊಡ್ಡದಾಗಿ 10 ಆಂಪ್ ಅಂತ ಬರೆದಿರೋದು ಎಸಿ ಹೀಟರ್ ಥರದ ಲೋಡಿಗೆ.

ಇನ್ನೊಂದು ಸೂಕ್ಷ್ಮ ಇದೆ. ಸ್ಪಾರ್ಕ್ ಬರ್ತದೆ ಅಂತ ಸಾಲಿನಾಯ್ಡಿಗೆ ಅಡ್ಡ ಒಂದು ಸಾದಾ ಡಯೋಡ್ ಹಾಕೋ ರೂಢಿ. ಸ್ಪಾರ್ಕ್ ನಿಲ್ತದೆ ಹೌದು, ಆದ್ರೆ ಕಾಯಿಲಿನ ಕರೆಂಟು ಆ ಡಯೋಡಲ್ಲೇ ಸುತ್ತು ಹೊಡೀತಾ ನಿಧಾನಕ್ಕೆ ಇಳೀತದೆ, ವಾಲ್ವ್ ತಡ ಮಾಡಿ ಮುಚ್ತದೆ, ಚುಕ್ಕಾಣಿ ಬೇಕಾದ್ದಕ್ಕಿಂತ ಚೂರು ಮುಂದೆ ಹೋಗ್ತದೆ, ಆಟೋಪೈಲಟ್ ವಾಪಸ್ ಎಳೀತದೆ, ಮತ್ತೆ ಮುಂದೆ, ಹೀಗೇ ಇಡೀ ರಾತ್ರಿ. ಒರಿಜಿನಲ್ ಬೋರ್ಡಲ್ಲಿ ಡಯೋಡ್ ಜೊತೆ ಝೀನರ್ (ಕಾಯಿಲಿನ ಕರೆಂಟು ಬೇಗ ಇಳಿಸೋ ಇನ್ನೊಂದು ಥರದ ಡಯೋಡ್) ಇತ್ತಾ ಅಂತ ಡ್ರಾಯಿಂಗ್ ನೋಡಿ, ಇತ್ತು ಅಂದ್ರೆ ಅದು ಸುಮ್ನೆ ಇಟ್ಟಿದ್ದಲ್ಲ. ಮತ್ತೆ ರಿಲೇ ಸಿಗ್ಲಿಲ್ಲ ಅಂತ ಸಾಲಿಡ್ ಸ್ಟೇಟ್ ರಿಲೇ (ಎಸ್‌ಎಸ್‌ಆರ್, ಅಲ್ಲಾಡೋ ಭಾಗ ಇಲ್ಲದ್ದು) ಹಾಕೋ ಬುದ್ಧಿ ಎಲ್ರಿಗೂ ಬರ್ತದೆ, ಸದ್ದಿಲ್ಲ, ಸವೆತ ಇಲ್ಲ. ಆದ್ರೆ ಅದು ಕೆಡುವಾಗ ಹೆಚ್ಚಾಗಿ ಶಾರ್ಟ್ ಆಗಿ ಕೆಡ್ತದೆ. ಶಾರ್ಟ್ ಅಂದ್ರೆ ವಾಲ್ವ್ ಆನ್ ಆಗೇ ಉಳೀತು, ಚುಕ್ಕಾಣಿ ಒಂದು ಕಡೆ ಹೋಯ್ತು. ಮೆಕ್ಯಾನಿಕಲ್ ರಿಲೇಯೂ ಅಂಟಿಕೊಳ್ತದೆ, ಇಲ್ಲ ಅನ್ನೋದಿಲ್ಲ, ಆದ್ರೆ ಹೆಚ್ಚಾಗಿ ಅದು ಸಾಯೋದು ಕಾಂಟ್ಯಾಕ್ಟ್ ಸಿಗದೇ, ಆಗ ಚುಕ್ಕಾಣಿ ಇದ್ದಲ್ಲೇ ನಿಲ್ತದೆ, ಹಡಗು ದಾರಿ ತಪ್ಪಿದೆ ಅನ್ನೋ ಆಫ್-ಕೋರ್ಸ್ ಅಲಾರಂ ಬರ್ತದೆ, ಯಾರೋ ಕೈಯಲ್ಲಿ ಹಿಡೀತಾರೆ. ನಾನಾದ್ರೆ ವಾಲ್ವ್ ಎಳೆಯೋ ಜಾಗಕ್ಕೆ ಎಸ್‌ಎಸ್‌ಆರ್ ಹಾಕೋದಿಲ್ಲ, ಮೊದಲಿಂದ ಅದೇ ಇದ್ದ ಡಿಸೈನ್ ಆದ್ರೆ ಬೇರೆ ಮಾತು.

ಐಸಿಗಳ ಕಡೆ ಬಂದ್ರೆ, ವಿದ್ಯಾರ್ಥಿಗಳು ಕೇಳಿ, ಇದು ಪರೀಕ್ಷೆಗೂ ಬರ್ತದೆ. 74ಎಲ್‌ಎಸ್ ಸಾಲಿನ ಲಾಜಿಕ್ ಐಸಿ (ಒಂದು, ಸೊನ್ನೆ ಲೆಕ್ಕದ್ದು) ಸಿಗ್ಲಿಲ್ಲ ಅಂತ 74ಎಚ್‌ಸಿ ಸಾಲಿಂದು ಹಾಕ್ತಾರೆ. ಎಲ್‌ಎಸ್ ಸಾಲಿನ ಐಸಿ ಒಂದು ಅಂತ ಹೇಳುವಾಗ 2.7 ವೋಲ್ಟು ಮಾತ್ರ ಗ್ಯಾರಂಟಿ, ಎಚ್‌ಸಿ ಒಂದು ಅಂತ ಒಪ್ಪೋಕೆ 3.5 ಬೇಕು, 5 ವೋಲ್ಟ್ ಸಪ್ಲೈಯಲ್ಲಿ. ಟೇಬಲ್ ಮೇಲೆ ಓಡ್ತದೆ, ಬಿಸಿ ಆದ್ಮೇಲೆ ಹಡಗಲ್ಲಿ ತಪ್ಪು ಮಾಡ್ತದೆ. ಅಲ್ಲಿಗೆ ಎಲ್‌ಎಸ್ ಜೊತೆ ಹೊಂದೋ ಎಚ್‌ಸಿಟಿ ಸಾಲಿಂದು ಹಾಕ್ಬೇಕು. ಸಿಡಿ4000 ಸಾಲಿನ ಐಸಿ 15 ವೋಲ್ಟಲ್ಲಿ ಓಡ್ತಿದ್ರೆ ಅಲ್ಲಿ ಎಚ್‌ಸಿ ಹಾಕಿದ್ರೆ ಹೊಗೆಯೇ. 741 ಆಪ್‌ಆಂಪ್ (ಸಿಗ್ನಲ್ ದೊಡ್ಡದು ಮಾಡೋ ಐಸಿ) ಬಹಳ ನಿಧಾನ ಅಂತ ಹೊಸ ಫಾಸ್ಟ್ ಆಪ್‌ಆಂಪ್ ಹಾಕೋದೂ ಬೇಡ, ಹಿಂದಿನ ರೂಮಿಂದ ಬ್ರಿಡ್ಜಿನವರೆಗೆ ಉದ್ದ ಕೇಬಲ್, ಅದರ ಕೆಪಾಸಿಟೆನ್ಸ್ ನೋಡಿ ಅದು ತಾನೇ ಆಸಿಲೇಟ್ ಆಗ್ತದೆ. 741 ಇವತ್ತಿಗೂ ಮಾಡ್ತಾರೆ, ಅದನ್ನೇ ಹಾಕಿ.

ಮೆಮೊರಿ ಮಾತ್ರ ಕೆಡೋವರೆಗೆ ಕಾಯ್ಬೇಡಿ. ಗಾಜಿನ ಕಿಟಕಿ ಇರೋ ಇಪ್ರಾಮ್ (ಪ್ರೋಗ್ರಾಮ್ ಇಟ್ಟಿರೋ ಚಿಪ್ಪು), 27ಸಿ256 ಅಂತ ಏನೋ ಇರ್ತದೆ, ಅದರ ಮೇಲಿನ ಸ್ಟಿಕರ್ ಅಲಂಕಾರಕ್ಕಲ್ಲ, ಬೆಳಕು ಬೀಳ್ದೇ ಇರ್ಲಿ ಅಂತ. ಬೋರ್ಡು ಚೆನ್ನಾಗಿರುವಾಗ್ಲೇ, ಹಡಗಿನವ್ರು ಒಪ್ಪಿದ್ರೆ, ರೀಡರ್‌ಗೆ ಹಾಕಿ ಓದಿ, ಎರಡು ಮೂರು ಸಲ ಓದಿ ಚೆಕ್‌ಸಮ್ (ಒಳಗಿರೋದೆಲ್ಲ ಕೂಡಿಸಿದ ಲೆಕ್ಕ) ಒಂದೇ ಬರ್ತದಾ ನೋಡಿ, ಪ್ರತಿ ಸಲ ಬೇರೆ ಬಂದ್ರೆ ಒಳಗಿನ ಚಾರ್ಜ್ ಸೋರ್ತಾ ಇದೆ ಅಂತ ಅರ್ಥ. ಸೆಟ್ಟಿಂಗ್ ನೆನಪಿಡೋ, ಬ್ಯಾಟರಿ ಒಳಗೇ ಇರೋ ಮೆಮೊರಿ ಚಿಪ್ಪು, ಅಂದ್ರೆ ರ‍್ಯಾಮ್ ಇನ್ನೂ ಕಷ್ಟ. ಡಲ್ಲಾಸ್ ಕಂಪನಿಯ ಡಿಎಸ್1225 ಥರದ ಚಿಪ್ಪಲ್ಲಿ ಲಿಥಿಯಂ ಸೆಲ್ ಒಳಗೇ ಸೀಲ್ ಆಗಿರ್ತದೆ, ಡೇಟಾಶೀಟಲ್ಲಿ ಹತ್ತು ವರ್ಷ ಅಂತ ಬರೆದಿರ್ತದೆ, ನಮ್ಮ ಕೈಗೆ ಬರೋವಾಗ ಅದು ಎಂದೋ ಮುಗಿದಿರ್ತದೆ. ಹಡಗು ಕರೆಂಟಲ್ಲಿ ಇರೋತನಕ ಗೊತ್ತಾಗಲ್ಲ. ನಾವು ಹೋಗಿ ಬ್ರೇಕರ್ ಇಳಿಸ್ತೇವೆ, ಕ್ಯಾಲಿಬ್ರೇಷನ್ ಎಲ್ಲಾ ಮಾಯ, ಬೈಗುಳ ನಮಗೆ. ಅದಕ್ಕೇ ಸ್ವಿಚ್ ಮುಟ್ಟೋ ಮುಂಚೆ ಮೆನುವಲ್ಲಿರೋ ಒಂದೊಂದು ನಂಬರ್ರೂ ಪೇಪರಲ್ಲಿ ಬರ್ಕೊಳ್ಳಿ, ಫೋಟೋನೂ ತಗೊಳ್ಳಿ. ಬದಲಿಗೆ ಎಫ್‌ರ‍್ಯಾಮ್ ಹಾಕ್ಬಹುದು, ಬ್ಯಾಟರಿನೇ ಬೇಡ, ಆದ್ರೆ ಎಫ್‌ಎಮ್1808 ಥರದ್ದು ಪ್ರತಿ ಸಲ ಓದುವಾಗ್ಲೂ ಚಿಪ್ ಎನೇಬಲ್ ಕಾಲು ಮೇಲೆ ಕೆಳಗೆ ಆಗ್ಬೇಕು ಅಂತ ಕೇಳ್ತದೆ, ಹಳೇ ಬೋರ್ಡಲ್ಲಿ ಆ ಕಾಲನ್ನ ಒಂದೇ ಸಮನೆ ಕೆಳಗೆ ಹಿಡಿದಿದ್ರೆ ಅದು ಓಡೋದಿಲ್ಲ. ಕಾಲಿನ ಜೋಡಣೆ ಒಂದೇ ಇದ್ರೂ ಸ್ವಭಾವ ಬೇರೆ.

ಸರಿ, ಎಲ್ಲಾ ನೋಡಿ ಆಯ್ತು, ಅದೇ ಪಾರ್ಟೇ ಬೇಕು. ಎಲ್ಲಿ ಹುಡುಕೋದು? ಮೊದ್ಲು ಆಟೋಪೈಲಟ್ ಕಂಪನಿಯ ಸರ್ವಿಸ್ ಏಜೆಂಟ್, ಕೆಲವು ಸಲ ಹಳೇ ಬೋರ್ಡು ತಗೊಂಡು ರಿಪೇರಿ ಆದದ್ದನ್ನ ಕೊಡ್ತಾರೆ. ಆಮೇಲೆ ಬಂದ್ ಆದ ಐಸಿಗಳನ್ನ ಕಂಪನಿಯಿಂದಲೇ ಅಧಿಕೃತವಾಗಿ ಕೊಂಡು ಇಟ್ಕೊಳ್ಳೋವ್ರು, ಅಮೆರಿಕದ ರೋಚೆಸ್ಟರ್ ಎಲೆಕ್ಟ್ರಾನಿಕ್ಸ್ ಅಂಥದ್ದು, ಅವ್ರು ಲೈಸೆನ್ಸ್ ತಗೊಂಡು ಕೆಲವನ್ನ ಮತ್ತೆ ಮಾಡ್ತಾರೆ ಕೂಡ, ರೇಟು ಕೇಳಿದ್ರೆ ಎದೆ ಧಸಕ್ ಅಂತದೆ ಆದ್ರೆ ಮಾಲು ಅಸಲಿ. ಮೂರನೇದು ಗುಜರಾತಿನ ಅಲಂಗ್. ಅಲ್ಲಿ ಒಡೆಯೋಕೆ ಬಂದ ಹಡಗುಗಳಿಂದ ಬಿಚ್ಚಿದ ಇಡೀ ಯೂನಿಟ್ ಸಿಗ್ತವೆ, ನಿಮ್ಮ ಹಡಗಿನ ವಯಸ್ಸಿನದ್ದೇ ಇನ್ನೊಂದು ಹಡಗು ಅಲ್ಲಿ ಬಂದು ನಿಂತಿರ್ತದಲ್ಲ. ಬೋರ್ಡಿನ ನಂಬರ್ ಜೊತೆ ರಿವಿಷನ್ ಅಕ್ಷರ ಕೂಡ ಹೊಂದ್ಬೇಕು, ಮತ್ತೆ ಅದೂ ಅಷ್ಟೇ ಮುದುಕ ಅನ್ನೋದು ನೆನಪಿರ್ಲಿ, ಕೆಪಾಸಿಟರ್ ಬದಲಿಸ್ದೇ ಹಾಕ್ಬೇಡಿ. ಕೊನೇದಾಗಿ ಎಸ್‌ಪಿ ರೋಡು, ಮುಂಬೈ ಲ್ಯಾಮಿಂಗ್ಟನ್ ರೋಡು, ಮತ್ತೆ ಆನ್‌ಲೈನ್ ಬ್ರೋಕರ್‌ಗಳು. ಸಾದಾ ಸಾಮಾನಿಗೆ ಎಸ್‌ಪಿ ರೋಡಿನಂಥ ಜಾಗ ಇನ್ನೊಂದಿಲ್ಲ, ಆದ್ರೆ ಇಪ್ಪತ್ತು ವರ್ಷದ ಹಿಂದೆ ಬಂದ್ ಆದ ಐಸಿ ಯಾವ ಊರಲ್ಲೇ ಆಗ್ಲಿ ಫಳಫಳ ಹೊಳೀತಾ ಐವತ್ತು ಪೀಸ್ ಸಿಕ್ತು ಅಂದ್ರೆ ಖುಷಿ ಪಡೋ ಮುಂಚೆ ಹೆದರ್ಕೊಳ್ಳಿ.

ನಕಲಿ ಹೇಗೆ ಮಾಡ್ತಾರೆ ಅಂದ್ರೆ, ಇ-ತ್ಯಾಜ್ಯದ ಬೋರ್ಡಿಂದ ಐಸಿ ಕಿತ್ತು, ಮೇಲಿನ ಅಕ್ಷರ ಉಜ್ಜಿ ತೆಗೆದು, ಕಪ್ಪು ಬಳಿದು, ಬೇರೆ ನಂಬರ್ ಹೊಡೀತಾರೆ. ಇದು ಸಣ್ಣ ಅಂಗಡಿಯವ್ರಿಗೆ ಮಾತ್ರ ತಗಲೋ ಮೋಸ ಅಲ್ಲ, ಅಮೆರಿಕದ ಸೆನೆಟ್ ಸಮಿತಿ 2012ರಲ್ಲಿ ಕೊಟ್ಟ ವರದಿಯಲ್ಲಿ ಅವ್ರ ರಕ್ಷಣಾ ಸಪ್ಲೈಯಲ್ಲೇ ಸುಮಾರು 1,800 ಸಂಶಯಾಸ್ಪದ ಪ್ರಕರಣ, ಹತ್ತು ಲಕ್ಷಕ್ಕೂ ಹೆಚ್ಚು ಪಾರ್ಟು. ನಾವು ಮಾಡೋಕಾಗೋದು ಇಷ್ಟು: ಹತ್ತಿಗೆ ಅಸಿಟೋನ್ ಹಚ್ಚಿ ಮೇಲೆ ಉಜ್ಜಿ, ಕಪ್ಪು ಬಂದ್ರೆ ಬಿಟ್ಬಿಡಿ. ಒಂದನೇ ಕಾಲಿನ ಹತ್ರದ ಗುಂಡಿ ತುಂಬಿ ಹೋಗಿದೆಯಾ ನೋಡಿ. ಡೇಟ್ ಕೋಡ್ ಓದಿ, 2007ರಲ್ಲಿ ನಿಂತ ಇಂಟೆಲ್ ಚಿಪ್ಪಿನ ಮೇಲೆ 2015 ಅಂತ ಇದ್ರೆ ಅದು ಹೇಗೆ ಹುಟ್ಟಿತು? ಮೀಟರ್ ಡಯೋಡ್ ಮೋಡಲ್ಲಿ ಇಟ್ಟು ಗ್ರೌಂಡಿಗೂ ಒಂದೊಂದು ಕಾಲಿಗೂ ರೀಡಿಂಗ್ ತಗೊಂಡು, ಸತ್ತದ್ದೇ ಆಗ್ಲಿ, ಒರಿಜಿನಲ್ ಜೊತೆ ಹೋಲಿಸಿ, ಸತ್ತ ಐಸಿಯಲ್ಲೂ ಎಲ್ಲಾ ಕಾಲೂ ಸತ್ತಿರೋದಿಲ್ಲ. ಅದಕ್ಕೇ ಹಳೇದನ್ನ ಎಸೀಬೇಡಿ.

ಇದೆಲ್ಲಾ ಎಲ್ಲಿಯವರೆಗೆ ಮಾಡೋದು ಅಂತಲೂ ಗೊತ್ತಿರ್ಬೇಕು. ಆಟೋಪೈಲಟ್‌ಗೆ ಟೈಪ್ ಅಪ್ರೂವಲ್ (ಈ ಮಾದರಿ ಪರೀಕ್ಷೆ ಪಾಸಾಗಿದೆ ಅನ್ನೋ ಮಂಜೂರಾತಿ) ಇರ್ತದೆ. ಅದೇ ಥರದ ಕೆಪಾಸಿಟರ್, ಅದೇ ರಿಲೇ ಹಾಕೋದು ರಿಪೇರಿ. ಸರ್ಕ್ಯೂಟೇ ಬದಲಾಯಿಸಿದ್ರೆ ಅದು ಮಾರ್ಪಾಡು, ಕ್ಯಾಪ್ಟನ್‌ಗೂ ಓನರ್‌ಗೂ ಕ್ಲಾಸ್ ಸರ್ವೇಯರ್‌ಗೂ (ಹಡಗು ತಪಾಸಣೆ ಮಾಡೋವ್ರು) ತಿಳಿಸ್ದೇ ಮಾಡೋ ಹಾಗಿಲ್ಲ. ಕಂಪನಿಯೇ ತನಗಾಗಿ ಮಾಡಿಸ್ಕೊಂಡ ಐಸಿ ಅಥವಾ ಓದೋಕಾಗದ ಹಾಗೆ ಲಾಕ್ ಮಾಡಿದ ಗ್ಯಾಲ್ (ಪ್ರೋಗ್ರಾಮ್ ತುಂಬಿಸಿದ ಲಾಜಿಕ್) ಚಿಪ್ಪು ಸತ್ತಿದೆ, ಏಜೆಂಟ್ ಹತ್ರ ಬೋರ್ಡಿಲ್ಲ ಅಂದ್ರೆ ನಾನು ನೇರವಾಗಿ ಹೇಳ್ತೇನೆ, ಹೊಸ ಆಟೋಪೈಲಟ್ ಹಾಕ್ಸಿ ಅಂತ. ಸ್ಟಿಯರಿಂಗ್ ಗೇರ್ ಹಾಗೇ ಇರ್ಲಿ, ಬ್ರಿಡ್ಜಿನ ಯೂನಿಟ್ ಮಾತ್ರ ಹೊಸದು. ಆಗ ಜೈರೋ ಜೊತೆ ಜಗಳ ಶುರು. ಹಳೇ ಜೈರೋ ಡಿಗ್ರಿಗೆ ಆರು ಹೆಜ್ಜೆ ಅಂತ ಸ್ಟೆಪ್ ಸಿಗ್ನಲ್ ಕೊಡ್ತದೆ, ಅದಕ್ಕೆ ಎಷ್ಟು ತಿರುಗಿದೆ ಅಂತ ಮಾತ್ರ ಗೊತ್ತು, ಎಲ್ಲಿ ಇದ್ದೇನೆ ಅಂತ ಗೊತ್ತಿಲ್ಲ, ಆನ್ ಮಾಡಿದಾಗೆಲ್ಲ ಕೈಯಲ್ಲಿ ಹೊಂದಿಸ್ಬೇಕು. ಹೊಸ ಯೂನಿಟ್ ಕೇಳೋದು ಎನ್‌ಎಮ್‌ಇಎ ವಾಕ್ಯ, ಅಂದ್ರೆ ಹಡಗಿನ ಉಪಕರಣಗಳು ಒಂದಕ್ಕೊಂದು ಕಳ್ಸೋ ಅಕ್ಷರದ ಸಂದೇಶ. ನಡುವೆ ಹಾಕೋ ಕನ್ವರ್ಟರ್ ಸೆಕೆಂಡಿಗೆ ಒಂದೇ ಸಲ ಹೆಡಿಂಗ್ ಕಳ್ಸೋದಾದ್ರೆ, ತಿರುಗೋ ವೇಗದ ಲೆಕ್ಕ ಮೆಟ್ಟಿಲು ಮೆಟ್ಟಿಲಾಗಿ ಬಂದು ಕೌಂಟರ್ ರಡ್ಡರ್ ಹುಚ್ಚು ಹಿಡಿದ ಹಾಗೆ ಆಡ್ತದೆ. ಸೆಕೆಂಡಿಗೆ ಹತ್ತು ಸಲ ಕಳ್ಸೋದೇ ತಗೊಳ್ಳಿ.

ಪಾರ್ಟು ಹಾಕಿ ಆದ್ಮೇಲೆ ಟೆಸ್ಟು. ಹಿಂದಿನ ರೂಮಲ್ಲಿ ಲೋಕಲ್ ಕಂಟ್ರೋಲ್ ಹತ್ರ ಒಬ್ಬರನ್ನ ಫೋನ್ ಕೊಟ್ಟು ನಿಲ್ಸಿ, ಆಮೇಲೇ ಬ್ರಿಡ್ಜಲ್ಲಿ ಮುಟ್ಟಿ. ಮೊದ್ಲು ನಾನ್ ಫಾಲೋ ಅಪ್ (ಲಿವರ್ ಹಿಡಿದಷ್ಟು ಹೊತ್ತು ಚುಕ್ಕಾಣಿ ತಿರುಗೋದು), ಆಮೇಲೆ ಫಾಲೋ ಅಪ್ (ಹೇಳಿದ ಡಿಗ್ರಿಗೆ ಹೋಗಿ ನಿಲ್ಲೋದು), ಆಮೇಲೆ ಆಟೋ. ಒಂದು ಕಡೆ 35 ಡಿಗ್ರಿಯಿಂದ ಇನ್ನೊಂದು ಕಡೆ 30ಕ್ಕೆ 28 ಸೆಕೆಂಡೊಳಗೆ ಬರ್ಬೇಕು ಅನ್ನೋದು ನಿಯಮ, ಆದ್ರೆ ಅದು ಪೂರ್ತಿ ಲೋಡಲ್ಲಿ ಫುಲ್ ಸ್ಪೀಡಲ್ಲಿ ಹೋಗ್ತಿರೋ ಹಡಗಿಗೆ, ಧಕ್ಕೆಯಲ್ಲಿ ನೀರಿನ ಒತ್ತಡ ಇಲ್ಲ, ಅಲ್ಲಿ ಪಾಸಾಯ್ತು ಅಂತ ಸಮಾಧಾನ ಪಟ್ಕೋಬೇಡಿ. ಆಮೇಲೆ ಬೇಕಂತಲೇ ಫೀಡ್‌ಬ್ಯಾಕ್ ವೈರ್ ಬಿಚ್ಚಿ, ಕ್ಯಾಪ್ಟನ್ ಒಪ್ಪಿಗೆ ತಗೊಂಡು, ಚುಕ್ಕಾಣಿ ಏನ್ ಮಾಡ್ತದೆ ನೋಡಿ. ಏನೇನು ಬದಲಿಸಿದ್ರಿ ಅಂತ ಹಡಗಿನ ಡ್ರಾಯಿಂಗ್ ಮೇಲೇ ಕೆಂಪು ಪೆನ್ನಲ್ಲಿ ತಾರೀಕು ಹಾಕಿ ಬರೀರಿ, ನಮ್ಮ ಹಿಂದೆ ಬರೋವ್ನು ಎಲ್ಲಿಯವನೋ ಏನೋ.

ಒಬ್ಬ ಹುಡುಗ ಕೇಳಿದ, ಸರ್ ಇಷ್ಟೆಲ್ಲಾ ಯಾಕೆ, ಕಂಟ್ರೋಲ್ ಬೋರ್ಡ್ ಜಾಗಕ್ಕೆ ಒಂದು ಆರ್ಡುಯಿನೋ (ನಾವೇ ಪ್ರೋಗ್ರಾಮ್ ಬರೆದು ಹಾಕೋ ಸಣ್ಣ ಬೋರ್ಡು) ಹಾಕಿದ್ರಾಯ್ತಲ್ಲ ಅಂತ. ಪಿಐಡಿ ಬರೆಯೋದು ಕಷ್ಟ ಅಲ್ಲ, ಒಂದು ಸಂಜೆಯ ಕೆಲ್ಸ. ಆದ್ರೆ ಐಇಸಿ 60945 ಅಂತ ಹಡಗಿನ ಉಪಕರಣಕ್ಕೆ ಒಂದು ಸ್ಟ್ಯಾಂಡರ್ಡ್ ಇದೆ, ಅದ್ರಲ್ಲಿ ಒಳಗಿಡೋ ಉಪಕರಣಕ್ಕೂ ಮೈನಸ್ 15ರಿಂದ 55 ಡಿಗ್ರಿವರೆಗೆ, ಕಂಪನ, ವಾಕಿಟಾಕಿ ಹತ್ರ ಹಿಡಿದಾಗ ಏನಾಗ್ತದೆ, ಮ್ಯಾಗ್ನೆಟಿಕ್ ಕಂಪಾಸಿಂದ ಎಷ್ಟು ದೂರ ಇರ್ಬೇಕು, ಎಲ್ಲಾ ಪರೀಕ್ಷೆ ಮಾಡ್ತಾರೆ. ನಿನ್ನ ಬೋರ್ಡು ಹ್ಯಾಂಗ್ ಆದ್ರೆ ಔಟ್‌ಪುಟ್ ಯಾವ ಸ್ಥಿತಿಯಲ್ಲಿ ನಿಲ್ತದೆ ಅಂತ ಹೇಳ್ಬಲ್ಲೆಯಾ ಅಂದೆ. ಹಡಗಿಗೆ ಬೇಡ, ಆದ್ರೆ ವರ್ಕ್‌ಶಾಪಿಗೆ ಅದನ್ನೇ ಮಾಡಿ. 4800 ಬಾಡ್ ವೇಗದಲ್ಲಿ ಎಚ್‌ಡಿಟಿ (ಹೆಡಿಂಗ್ ಹೇಳೋ) ವಾಕ್ಯ ಕಳ್ಸೋ ಸುಳ್ಳು ಜೈರೋ ಒಂದು, ಸ್ಟೆಪ್ ಸಿಗ್ನಲ್ ಕೊಡೋದು ಒಂದು, 24 ವೋಲ್ಟಿನ ಎರಡು ಬಲ್ಬು ಎಡ ಬಲ ವಾಲ್ವ್ ಬದಲಿಗೆ. ರಿಪೇರಿ ಆದ ಬೋರ್ಡಿಗೆ ಅದನ್ನ ಕಟ್ಟಿ ರಾತ್ರಿಯಿಡೀ ಓಡಿಸಿ, ನಡುನಡುವೆ ಚೆಕ್‌ಸಮ್ ತಪ್ಪಾಗಿ ಕಳ್ಸಿ, ಆಮೇಲೆ ಹೆಡಿಂಗೇ ನಿಲ್ಸಿ, ಅಲಾರಂ ಕೂಗ್ತದಾ, ಎರಡೂ ಬಲ್ಬು ಆರ್ತದಾ ಅಂತ ನೋಡಿ. ಆರದೇ ಇದ್ರೆ ಬೋರ್ಡು ಹಡಗಿಗೆ ಹೋಗೋದು ಬೇಡ, ಮತ್ತೆ ಟೇಬಲ್ ಮೇಲೆ ತಗೊಳ್ಳಿ.